ಆಫ್ರಿಕಾಕ್ಕೊಂದು ಯಾದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮಾತಾಡಿ ಗೆಲ್ಲುವ ವಿದ್ಯೆ ನನಗೆ ಈ ಜನ್ಮದಲ್ಲಿ ಒಲಿದಿಲ್ಲ. ಕಾಯಿಪಲ್ಲೆ ಮಾರುವ ಹೆಣ್ಣುಮಗಳು ನನ್ನ ಮುಖವನ್ನೊಮ್ಮೆ ನೋಡಿಯೇ ಬದನೆಕಾಯಿಯ ದರ ನಿಶ್ಚಯಿಸುತ್ತಾಳೆ. ಗುರುವಾರಕ್ಕೆ ಕೊಡುತ್ತೇನೆಂದ ಪ್ಯಾಂಟು ಕೇಳಲು ದರ್ಜಿಯ ಬಳಿ ಸಿಟ್ಟಿನಿಂದಲೇ ಹೋಗುತ್ತೇನೆ. ಅವನ ಮಷಿನ್ನಿನ ಕಷ್ಟ, ಸೊಂಟದ ನೋವು ಎಲ್ಲ ಕೇಳಿ, “ಅವಸರ ಏನಿಲ್ಲ ಬಿಡ್ರಿ” ಎಂದು ನಾನೇ ಅವನಿಗೆ ಸಮಾಧಾನ ಹೇಳಿ ಹಳೆಯ ಪ್ಯಾಂಟಿನಲ್ಲೇ ಮನೆಗೆ ಬರುತ್ತೇನೆ. ನನ್ನ ಮದುವೆಯ ಮಾತುಕತೆ ನಡೆದ ದಿನ ಹಿರಿಯರು ನನ್ನನ್ನು ಒಳಗೇ ಸೇರಿಸಿರಲಿಲ್ಲ. “ಇಂವ ಒಳಗ ಬಂದ್ರ ಅವರು ಕೇಳೋಕಿಂತ ಮೊದಲ ಎಲ್ಲಾಕೂ ಹೂಂ ಅಂತಾನ” ಎಂದು ನನ್ನ ಸೋದರಮಾವ ಯಂಕಪ್ಪ ನನ್ನನ್ನು ಹೊರಗೆ ಕೂರಿಸಿದ್ದ. ಇಂಥ ನಾನು ಒಂದು ಕಂಪನಿಯ ಜೊತೆ, ಅದೂ ಸಮುದ್ರದಾಚೆಯ ನೌಕರಿಯ ಷರತ್ತುಗಳ ಬಗ್ಗೆ, ಮಾತುಕತೆಗೆ ಇಳಿದೆ ಎಂದರೆ ನೀವು ನಗಬಹುದು. ನಗಿ. ಆ ನೌಕರಿ ನನ್ನದಲ್ಲ, ನನ್ನ ಹೆಂಡತಿಯದು ಎಂದು ತಿಳಿದ ಮೇಲೆ ಇನ್ನಷ್ಟು ನಗಬಹುದು.

ನಾನು ರಾಯಚೂರಿನ ಒಂದು ಖಾಸಗಿ ಕಾಲೇಜಿನ ಗ್ರಂಥಪಾಲಕ. ಹೆಸರು ದೊಡ್ಡದು, ಕೆಲಸ ಕಪಾಟಿನ ಕೀಲಿ ಕಾಯುವುದು. ಇಡೀ ಕಾಲೇಜಿನಲ್ಲಿ ಸರಿಯಾಗಿ ತಿರುಗುವ ಫ್ಯಾನು ಗ್ರಂಥಾಲಯದಲ್ಲಷ್ಟೇ ಇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಓದುಗರ ಸಂಖ್ಯೆ ವಿಪರೀತ ಹೆಚ್ಚುತ್ತದೆ. ಮಳೆ ಬಿದ್ದ ದಿನ ಒಬ್ಬರೂ ಇರುವುದಿಲ್ಲ. ನನ್ನ ಹೆಂಡತಿ ಸುಜಾತಾ ಮಾತ್ರ ನಿಜವಾದ ಕೆಲಸ ಮಾಡುವವಳು. ಮಾನ್ವಿ ರಸ್ತೆಯಲ್ಲಿರುವ ಒಂದು ದೊಡ್ಡ ಅಕ್ಕಿ ಗಿರಣಿಯ ಪ್ರಯೋಗಾಲಯದಲ್ಲಿ ಅವಳು ಗುಣಮಟ್ಟ ನೋಡುತ್ತಾಳೆ. ಒಂದು ಅಕ್ಕಿ ಕಾಳನ್ನು ಹಲ್ಲಿನಲ್ಲಿ ಕಟಕ್ಕೆಂದು ಕಡಿದು, “ಇದು ಒಣಗಿಲ್ಲ, ವಾಪಸ್ ಒಯ್ಯಿರಿ” ಎಂದಳೆಂದರೆ ಲಾರಿಗೆ ಲಾರಿಯೇ ತಿರುಗಿ ಹೋಗುತ್ತದೆ. ಯಂತ್ರದಲ್ಲಿ ತೇವ ಅಳೆಯುವುದು ಆಮೇಲೆ; ಯಂತ್ರವೂ ಅವಳು ಹೇಳಿದ್ದನ್ನೇ ಹೇಳುತ್ತದೆ. ದೇವದುರ್ಗದ ಕೂಲಿಕಾರರ ಮಗಳು ಅವಳು. ಅವಳ ಅಪ್ಪ ಅವ್ವ ಪ್ರತಿ ಬೇಸಿಗೆ ಗುಳೆ ಹೋಗುತ್ತಿದ್ದರು. ದೂರದ ಊರುಗಳಲ್ಲಿ ಕಟ್ಟಡದ ಕೆಲಸಕ್ಕೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೋಗುವುದಕ್ಕೆ ನಮ್ಮ ಕಡೆ ಗುಳೆ ಎನ್ನುತ್ತಾರೆ. ಮಗಳನ್ನು ಮಾತ್ರ ಹಾಸ್ಟೆಲಿನಲ್ಲಿ ಬಿಟ್ಟು ಓದಿಸಿದರು.

ಒಂದು ಮಂಗಳವಾರ ಅವಳು ರೊಟ್ಟಿಯ ತಟ್ಟೆಯ ಪಕ್ಕದಲ್ಲಿ ನಲವತ್ತು ಪುಟದ ಒಂದು ಕಟ್ಟು ಇಟ್ಟಳು. ಕಂಪನಿ ತಾಂಜಾನಿಯಾದಲ್ಲಿ ಹೊಸ ಗಿರಣಿ ಹಾಕಿದೆ. ಅಲ್ಲಿಯ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಿ ಮೂರು ವರ್ಷ ಇವಳನ್ನು ಕಳಿಸುತ್ತದೆ. ಕುಟುಂಬ ಸಮೇತ ಹೋಗಬಹುದು. ಮುಂದಿನ ವಾರದ ಬುಧವಾರದೊಳಗೆ ಉತ್ತರ ತಿಳಿಸಬೇಕು. “ನನಗ ಹೋಗಬೇಕಂತ ಭಾಳ ಅದ. ಆದ್ರ ನೀವು, ಮಿತ್ರಾ ಬರದಿದ್ರ ನಾ ಹೋಗಂಗಿಲ್ಲ” ಎಂದಳು. ಮಿತ್ರಾ ನಮ್ಮ ಎಂಟು ವರ್ಷದ ಮಗಳು. ಅಲ್ಲಿ ಜಿರಾಫೆ ಇದೆ ಎಂದು ಗೊತ್ತಾದ ಕ್ಷಣವೇ ಅವಳು ಹೊರಟು ನಿಂತಿದ್ದಳು. ಹಾಗಾಗಿ ಇಡೀ ತಾಂಜಾನಿಯಾ ಈಗ ನನ್ನೊಬ್ಬನ ಹೂಂ ಎಂಬುದರ ಮೇಲೆ ನಿಂತಿತ್ತು. ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೂಂ ಅಂದವನು ಅವತ್ತು, “ನೋಡೂಣ, ಮೊದಲ ಕರಾರು ಓದತೀನಿ” ಎಂದೆ.

ಓದಿದೆ. ಮೂರನೆಯ ಪುಟದಲ್ಲೇ ನನ್ನ ಹೆಸರು ಸಿಕ್ಕಿತು. ಹೆಸರಿನ ಮುಂದೆ ‘ಅವಲಂಬಿತ’ ಎಂದಿತ್ತು. ನನ್ನ ಕೆಳಗೆ ಮಿತ್ರಾಳ ಹೆಸರು, ಅವಳೂ ಅವಲಂಬಿತೆ. ನಮ್ಮಿಬ್ಬರಿಗೂ ಒಂದೇ ಖಾನೆ. ಅಲ್ಲಿ ನಾನು ಕೆಲಸ ಮಾಡುವಂತಿಲ್ಲ, ನೌಕರಿಯಲ್ಲಿರುವವಳ ಜೊತೆ ವಾಸಿಸಬೇಕು, ಅಷ್ಟೇ. ನಿಜ ಹೇಳುತ್ತೇನೆ, ಆ ಸಾಲನ್ನು ಎರಡು ಸಲ ಓದಿದೆ. ಇಲ್ಲಿ ನನ್ನ ಕೆಲಸ ಎಷ್ಟೇ ಸಣ್ಣದಿರಲಿ, ಬೆಳಿಗ್ಗೆ ಹತ್ತಕ್ಕೆ ಬುತ್ತಿ ಕಟ್ಟಿಕೊಂಡು ಮನೆ ಬಿಡುತ್ತೇನಲ್ಲ, ಆ ಗತ್ತಿನಲ್ಲೇ ನಾನು ಗಂಡಸು ಎಂದು ತಿಳಿದಿದ್ದವನು. ಆದರೆ ಹೆದರಿಕೆಯಾಯಿತು ಎಂದು ಹೇಳುವ ಬದಲು ಕೆಂಪು ಪೆನ್ನು ತಗೊಂಡೆ. ಮೂರು ದಿನ ಗ್ರಂಥಾಲಯದಲ್ಲಿ ಕೂತು, ಭೂತಗನ್ನಡಿ ಹಿಡಿದು, ಆ ಕರಾರಿನಲ್ಲಿ ತಪ್ಪು ಹುಡುಕಿದೆ. ಅಲ್ಪವಿರಾಮಗಳನ್ನೂ ಬಿಡಲಿಲ್ಲ. ಮನೆಗೆ ಬಂದು, “ಹದಿನೇಳನೇ ಪುಟ ಯಾಕೋ ಸರಿ ಕಾಣವಲ್ದು” ಎಂದು ಗಂಭೀರವಾಗಿ ತಲೆಯಾಡಿಸಿದೆ. ಹದಿನೇಳನೇ ಪುಟದಲ್ಲಿದ್ದದ್ದು ರಜೆಯ ಪಟ್ಟಿ, ಅದರಲ್ಲಿ ನಮಗಿಂತ ಜಾಸ್ತಿ ರಜೆಗಳಿದ್ದವು.

ಆಗ ನನಗೆ ಹೊಳೆದದ್ದು ಹಿರಿಯರು. ನಮ್ಮ ಕಡೆ ಯಾವ ದೊಡ್ಡ ಕೆಲಸವನ್ನೂ ಗಂಡ ಹೆಂಡತಿ ಇಬ್ಬರೇ ಕೂತು ನಿರ್ಧರಿಸುವ ಪದ್ಧತಿ ಇಲ್ಲ. ಮದುವೆ ಗಟ್ಟಿಯಾಯಿತು ಎಂದರೆ ಯಾದಿ ಆಯಿತು ಎಂದೇ ಅರ್ಥ. ಎರಡೂ ಕಡೆಯ ಹಿರಿಯರು ಜಮಖಾನದ ಮೇಲೆ ಎದುರುಬದುರು ಕೂತು, ಯಾರು ಏನು ಕೊಡಬೇಕು, ಬಂದವರನ್ನು ಎಲ್ಲಿ ಇಳಿಸಬೇಕು, ಬ್ಯಾಂಡಿನವರ ಊಟ ಯಾರ ಪಾಲಿಗೆ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆಸಿ, ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ಸಹಿ ಹಾಕುತ್ತಾರೆ. ಆ ಹಾಳೆಯೇ ಯಾದಿ. ನನ್ನ ಸೋದರಮಾವ ಯಂಕಪ್ಪ ತನ್ನೂರು ಬಾಗಲವಾಡದ ಸುತ್ತ ಹೆಸರಾದ ಯಾದಿ ಬರೆಯುವವನು. ಅವನು ಬರೆದ ಯಾದಿಯಿಂದ ಮದುವೆ ಮುರಿದದ್ದು ಕಡಿಮೆ. ಯಾದಿ ಮುಗಿಯುವ ಮೊದಲೇ ಮುರಿದದ್ದು ಬಹಳ. ಷರತ್ತು ಹಾಕುವುದರಲ್ಲಿ ಅವನು ಅಷ್ಟು ಗಟ್ಟಿ. ಇವನನ್ನು ಕಂಪನಿಯ ಮೇಲೆ ಬಿಟ್ಟರೆ ಕಂಪನಿಯೇ ಬೇಡಪ್ಪಾ ಎಂದು ಕೈಮುಗಿಯುತ್ತದೆ, ನಾನು ಬೇಡ ಅಂದಂತಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಲೆಕ್ಕ ಅದೇ ಇತ್ತು. ಫೋನಿನಲ್ಲಿ ವಿಷಯ ಕೇಳಿದ ಮಾವ, “ಏ ಅಳಿಯಾ, ಇಷ್ಟು ದಿನಾ ಯಾಕ ಸುಮ್ನಿದ್ದಿ? ಯಾದಿ ಇಲ್ದ ಹೆಣ್ಣಮಗಳನ್ನ ಪರದೇಶಕ್ಕ ಕಳಸ್ತಾರೇನು?” ಎಂದು ನನ್ನನ್ನೇ ಬೈದ.

ಭಾನುವಾರ ನಮ್ಮ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿದ್ದಾಯಿತು. ಬಾಗಲವಾಡದಿಂದ ಯಂಕಪ್ಪ ಮಾವ ರುಮಾಲು ಸುತ್ತಿಕೊಂಡು ಬಂದ. ಮಾನ್ವಿಯಲ್ಲಿ ನನ್ನ ಅಕ್ಕನ ಮನೆಯಲ್ಲಿರುವ ಅವ್ವ ಬಂದಳು. ದೇವದುರ್ಗದಿಂದ ಸುಜಾತಾಳ ಅಪ್ಪ, ನನ್ನ ಮಾವನವರು, ಮೊದಲ ಬಸ್ಸಿಗೇ ಬಂದು ಗೋಡೆಗೆ ಒರಗಿ ಕೂತರು. ಅವರದು ಮಾತು ಬಹಳ ಕಡಿಮೆ. ಯಾದಿಗೆ ಎರಡೂ ಕಡೆಗೆ ಸೇರದ ಒಬ್ಬ ಸಾಕ್ಷಿ ಬೇಕು ಎಂದು, ತೀನ್ ಕಂದೀಲ್ ವೃತ್ತದ ಹತ್ತಿರ ಗಡಿಯಾರದ ಅಂಗಡಿ ಇಟ್ಟಿರುವ, ಮೊದಲು ಕೊಲ್ಲಿ ದೇಶದಲ್ಲಿ ದುಡಿದು ಬಂದಿದ್ದ ನಮ್ಮ ಪಕ್ಕದ ಮನೆಯ ಚಾಂದಪಾಷಾನನ್ನು ಕರೆದರು. ಎಲ್ಲರೂ ಕೂತ ಮೇಲೆ ಮಾವ ರೂಢಿಯಂತೆ, “ಹೂಂ, ಹೆಣ್ಣಮಗಳು ಒಳಗ ಹೋಗಿ ಚಾ ಇಡ್ಲಿ” ಎಂದ. ಆಮೇಲೆ ತಡೆದು, ತಲೆ ಕೆರೆದುಕೊಂಡು, “ಅಲ್ಲ, ನೌಕರಿ ಅಕಿದು. ಅಕಿ ಕೂಡ್ಲಿ. ಕಳಸಾಕತ್ತಿದ್ದು ಯಾರನ್ನ? ಇವನ್ನ. ಏ ಅಳಿಯಾ, ನೀ ಒಳಗ ಹೋಗು” ಎಂದ. ಹಾಗೆ ನನ್ನ ಬದುಕಿನ ಎರಡನೆಯ ಮಾತುಕತೆಯಲ್ಲೂ ನನಗೆ ಜಾಗ ಸಿಗಲಿಲ್ಲ. ಚಹಾ ಸೋಸುತ್ತ ಅಡುಗೆಮನೆಯ ಬಾಗಿಲಿನಿಂದ ಕೇಳಿಸಿಕೊಂಡೆ.

ಮೊದಲ ಜಗಳ ಹಾಳೆಯ ನೆತ್ತಿಯ ಮೇಲೆ ಏನು ಬರೆಯಬೇಕು ಎಂಬುದಕ್ಕೇ ಆಯಿತು. ಅವ್ವ ನೀರಮಾನ್ವಿ ಎಲ್ಲಮ್ಮನ ಹೆಸರು ಬರೆಯಿರಿ ಎಂದಳು. ಮಾವನವರ ಮನೆತನ ಬುದ್ಧನ ದಾರಿ ಹಿಡಿದದ್ದು. ಅವರು ಮೆಲ್ಲಗೆ ಬುದ್ಧನ ಹೆಸರು ಎಂದರು. ಇಬ್ಬರೂ ಬಿಡಲೊಲ್ಲರು. ಕೊನೆಗೆ ಚಾಂದಪಾಷಾ, “ಅರೆ, ಮ್ಯಾಲ ಜಾಗ ಖಾಲಿ ಬಿಡ್ರಿ. ಯಾರಿಗಿ ಕೂಡಬೇಕಂತದ ಅವ್ರು ಬಂದು ಕೂಡ್ತಾರ” ಎಂದ. ಅದಾದ ಮೇಲೆ ಮಾವ ಕೈ ಹೋದಂತೆ ‘ವರನ ಕಡೆಯವರು’ ಎಂದು ಬರೆದು, ಮುಂದೆ ಕಂಪನಿಯ ಹೆಸರು ಹಾಕಿದ. ಸುಜಾತಾ ಬಾಯಿಗೆ ಸೆರಗು ಹಿಡಿದಳು. “ಮಾವ, ಅದು ಕಂಪನಿ ಅದ, ಬೀಗರಲ್ಲ” ಎಂದಳು. “ಯಾರರ ಇರ್ಲಿ ಯವ್ವಾ, ಕರಕೊಂಡು ಹೋಗೋರು ವರನ ಕಡೆಯವ್ರ” ಎಂದು ಮಾವ ಅಡಿಗೆರೆ ಎಳೆದ.

ಷರತ್ತುಗಳು ಶುರುವಾದವು. ಅವ್ವನಿಗೆ ದೊಡ್ಡ ಚಿಂತೆ ಬಿಸಿಲಿನದು. “ಅಲ್ಲಿ ಭಾಳ ಬಿಸಲಂತ. ಕೂಸು ತಡಕೊಳ್ಳೋದಿಲ್ಲ” ಎಂದಳು. ಹೊರಗೆ ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಬೀದಿನಾಯಿ ನಮ್ಮ ಬಚ್ಚಲ ಮೋರಿಯಲ್ಲಿ ಮಲಗಿತ್ತು. ಫ್ಯಾನು ಬಿಸಿ ಗಾಳಿಯನ್ನೇ ನಮಗೆ ಹಂಚುತ್ತಿತ್ತು. ಸುಜಾತಾ ಫೋನಿನಲ್ಲಿ ನೋಡಿ, ಅಲ್ಲಿ ಇವತ್ತು ಇಲ್ಲಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೆಕೆ ಎಂದಳು. “ಹಂಗಾದ್ರ ಸ್ವೆಟರ್ ಬರಿ” ಎಂದಳು ಅವ್ವ. ಜೊತೆಗೆ ಕಳಿಸುವ ಸಾಮಾನಿನ ಪಟ್ಟಿಯಲ್ಲಿ ಜೋಳದ ಹಿಟ್ಟು, ರೊಟ್ಟಿ ಹಂಚು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಬಂದವು. ಅವುಗಳ ಕೆಳಗೆ ಮಾವ ‘ಅಳಿಯ, ಒಬ್ಬ’ ಎಂದು ಬರೆದುದನ್ನು ನಾನು ಚಹಾದ ಕಪ್ಪು ಇಡುವಾಗ ಕಣ್ಣಾರೆ ಕಂಡೆ. ವಿಮಾನದಲ್ಲಿ ತಲೆಗೆ ಇಷ್ಟು ಕಿಲೋ ಮಾತ್ರ ಎಂದು ಚಾಂದಪಾಷಾ ಹೇಳಿದಾಗ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವನ ತೂಕಾನೂ ಅದರಾಗ ಹಿಡೀತಾರೇನು?” ಎಂದು ಕೇಳಿದಳು. ಮಗನೋ ಜೋಳದ ಹಿಟ್ಟೋ ಎಂಬ ಪ್ರಶ್ನೆ ಬಂದರೆ ಅವಳ ಉತ್ತರ ಏನಿರಬಹುದು ಎಂದು ನಾನು ಕೇಳಲು ಹೋಗಲಿಲ್ಲ.

ಚಾಂದಪಾಷಾ ಒಂದೇ ಒಂದು ಷರತ್ತು ಬರೆಸಿದ. “ಪಾಸ್‌ಪೋರ್ಟ್ ತಂಗಿ ಕೈಯಾಗ ಇರಬೇಕು. ನಂದು ಸೇಠ್ ಇಸಗೊಂಡು ಕಪಾಟದಾಗ ಇಟ್ಟಿದ್ದ. ನಮ್ಮ ಅಬ್ಬಾ ಸತ್ತಾಗ ಮಯ್ಯತ್‌ಗೂ ಬರಾಕ ಆಗ್ಲಿಲ್ಲ” ಎಂದು, ಚಹಾದ ಕಪ್ಪನ್ನು ಸುಮ್ಮನೆ ತಿರುವುತ್ತ ಕೂತ.  ಆಗ, ಬುದ್ಧನ ಹೆಸರು ಹೇಳಿದ್ದು ಬಿಟ್ಟರೆ ಬೆಳಗಿನಿಂದ ಬಾಯಿ ಬಿಡದಿದ್ದ ನನ್ನ ಮಾವನವರು ಮುಂದಕ್ಕೆ ಜರುಗಿದರು.

“ನಂದು ಒಂದ ಮಾತು ಅದ” ಎಂದರು. “ಕರಕೊಂಡು ಹೋಗಾಕ ಎಲ್ಲಾರೂ ಬರ್ತಾರ. ನಡಕ ಬ್ಯಾನಿ ಬಿದ್ದು ಮಲಗಿದ್ರ, ಇಲ್ಲಾ ಅವರ ಕೆಲಸ ಬಂದ್ ಮಾಡಿದ್ರ, ತಿರುಗಿ ಮನಿಗಿ ಯಾರು ತಂದು ಬಿಡ್ತಾರ? ನಾವು ಗುಳೆ ಹೋದಾಗ ಮೇಸ್ತ್ರಿ ಲಾರಿ ತಂದು ಮನಿ ಮುಂದ ನಿಲ್ಸತಿದ್ದ. ಹತ್ತರಿ ಹತ್ತರಿ ಅಂತಿದ್ದ. ಒಂದ್ ವರ್ಷ ಕಟ್ಟಡ ನಡಕ ನಿಂತ್ಹೋತು, ಮೇಸ್ತ್ರಿ ರಾತ್ರೋರಾತ್ರಿ ಓಡಿಹೋದ. ಇಕಿ ಅವ್ವಗ ಜ್ವರ. ಅಕಿನ್ನ ಬೆನ್ನಿಗಿ ಕಟಗೊಂಡು ಅರ್ಧ ದಾರಿ ನಡಕೋತ ಬಂದೀನಿ. ಇದೂ ಗುಳೇನ ರೀ ಅಳಿಯಂದ್ರ, ವಿಮಾನದ ಗುಳೆ. ನೀವು ಓದಿದವ್ರು. ಆ ಕಾಗದದಾಗ ತಿರುಗಿ ಬರೋದು ಬರದಾರೇನು, ನೋಡಿ ಹೇಳ್ರಿ.”

ನಾನು ಕರಾರು ತಂದೆ. ಮೂರು ದಿನ ಅಲ್ಪವಿರಾಮಗಳಿಗೂ ಕೆಂಪು ಗೆರೆ ಎಳೆದ ಪುಟಗಳನ್ನು ಎಲ್ಲರ ಮುಂದೆ ತಿರುವಿದೆ. ಹೋಗುವ ಟಿಕೇಟು ಇತ್ತು, ಮೂರು ವರ್ಷ ಮುಗಿಸಿದರೆ ಬರುವ ಟಿಕೇಟು ಇತ್ತು. ನಡುವೆ ಮುರಿದು ಬಿದ್ದರೆ ಏನು ಎಂಬುದು ಎಲ್ಲಿಯೂ ಇರಲಿಲ್ಲ. ಒಂದಕ್ಷರ ಓದಲು ಬಾರದ ಮನುಷ್ಯ ಕೂತಲ್ಲಿಂದಲೇ ಕಂಡುಹಿಡಿದ ತೂತು, ಗ್ರಂಥಪಾಲಕನ ಭೂತಗನ್ನಡಿಗೆ ಕಂಡಿರಲಿಲ್ಲ. ನಾನು ಹುಡುಕಿದ್ದು ಹೋಗದಿರಲು ನೆಪ. ಅವರು ಹುಡುಕಿದ್ದು ಮಗಳು ತಿರುಗಿ ಬರುವ ದಾರಿ. ನನಗೆ ತಲೆ ಎತ್ತಲಾಗಲಿಲ್ಲ. “ಇಲ್ರಿ, ಬರದಿಲ್ಲ” ಎಂದೆ. ಮಾವ ಅದನ್ನು ಹದಿನೈದನೆಯ ಷರತ್ತಾಗಿ ದಪ್ಪ ಅಕ್ಷರದಲ್ಲಿ ಬರೆದ. ನಾಲ್ಕೂ ಮೂಲೆಗೆ ಅರಿಷಿಣ ಬಿತ್ತು, ಸಹಿಗಳು ಬಿದ್ದವು, ಮಾವನವರ ಹೆಬ್ಬೆಟ್ಟು ಬಿತ್ತು.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಯಾದಿಯ ಫೋಟೋ ತೆಗೆದು ಕಂಪನಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಲ್ಲರೂ ಊಟಕ್ಕೆ ಕೂತಾಗ ನಾನು ಹಾಳೆಯ ಜೊತೆ ಒಬ್ಬನೇ ಉಳಿದೆ. ಹದಿನೈದರ ಕೆಳಗೆ, ಸಹಿಗಳ ಮೇಲೆ, ಒಂದು ಗೆರೆಯಷ್ಟು ಜಾಗವಿತ್ತು. ಅಲ್ಲಿ ಹದಿನಾರನೆಯದನ್ನು ನಾನೇ ತುರುಕಿದೆ: ‘ಅಳಿಯನ ವಿದ್ಯೆಗೂ ಘನತೆಗೂ ಒಪ್ಪುವ ನೌಕರಿಯನ್ನು ಕಂಪನಿಯೇ ಕೊಡತಕ್ಕದ್ದು. ತಪ್ಪಿದಲ್ಲಿ ಈ ಯಾದಿ ರದ್ದು.’ ಯಾವ ಕಂಪನಿ ಇದಕ್ಕೆ ಒಪ್ಪುತ್ತದೆ? ಫೋಟೋ ಕಳಿಸಿ, ಕೈ ತೊಳೆದು, ಎಲ್ಲರಿಗಿಂತ ಎರಡು ರೊಟ್ಟಿ ಹೆಚ್ಚು ತಿಂದೆ.

ಮಂಗಳವಾರ ಸಂಜೆ ಕಂಪನಿಯ ಸಿಬ್ಬಂದಿ ವಿಭಾಗದ ಅಧಿಕಾರಿಣಿ ಹೈದರಾಬಾದಿನಿಂದ ವಿಡಿಯೋ ಕರೆ ಮಾಡಿದಳು. ನಾನು ನಿರಾಕರಣೆ ಕೇಳಲು ಮುಖ ಸಣ್ಣದು ಮಾಡಿಕೊಂಡು ಸುಜಾತಾಳ ಪಕ್ಕ ಕೂತೆ. ನನ್ನ ದುರದೃಷ್ಟ ನೋಡಿ, ಆಕೆ ಗಂಗಾವತಿಯವಳು. “ನಮ್ಮ ಮದುವಿ ಯಾದಿಗೂ ಹಿಂಗ ಅರಿಷಿಣ ಹಚ್ಚಿದ್ರು ರೀ ಮೇಡಂ” ಎಂದು ನಗುತ್ತಲೇ ಶುರುಮಾಡಿದಳು. ಪಾಸ್‌ಪೋರ್ಟ್ ಸುಜಾತಾಳ ಬಳಿಯೇ ಇರಲಿ, ಒಪ್ಪಿಗೆ. ಮಗಳ ಶಾಲೆ, ಒಪ್ಪಿಗೆ. ಜೋಳದ ಹಿಟ್ಟಿಗೆ ಹೆಚ್ಚಿನ ತೂಕ, ಒಪ್ಪಿಗೆ. ಹದಿನೈದನೆಯದನ್ನು ಓದುವಾಗ ಆಕೆಯ ದನಿ ಬದಲಾಯಿತು. “ಇದು ನಮ್ಮ ಕರಾರಿನಾಗ ಇರಲೇ ಇಲ್ಲ ನೋಡ್ರಿ. ನಮಗ್ಯಾರಿಗೂ ಹೊಳದಿಲ್ಲ. ಈಗ ಅಲ್ಲಿಗೆ ಹೋಗೋ ಎಲ್ಲಾರ ಕರಾರಿಗೂ ಸೇರ್ಸಾಕತ್ತೀವಿ. ಬರಿಸಿದ ಹಿರೇರಿಗೆ ನನ್ನ ನಮಸ್ಕಾರ ಹೇಳ್ರಿ” ಎಂದಳು. ಸುಜಾತಾ ತಕ್ಷಣ ನನ್ನ ಫೋನಿನಿಂದ ದೇವದುರ್ಗಕ್ಕೆ ಹಚ್ಚಿ ಹೇಳಿದಳು.  ಆ ಕಡೆಯಿಂದ ಮಾವನವರು, “ಎಲ್ಲಾರಿಗೂ ಬರದ್ರಂತೇನು?” ಎಂದು ಕೇಳಿದರು. ಎಲ್ಲರಿಗೂ ಎಂದಳು. ಅವರು ಅತ್ತರೆಂದು ಕಾಣುತ್ತದೆ, ಇವಳಂತೂ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಗಂಗಾವತಿಯ ಹೆಣ್ಣುಮಗಳು ಇನ್ನೂ ಕರೆಯಲ್ಲೇ ಇದ್ದಳು. “ಇನ್ನ ಹದಿನಾರನೇದು. ಸರ್, ನೀವು ಗ್ರಂಥಪಾಲಕರಲ್ರೀ? ಅಲ್ಲಿ ಪ್ರಯೋಗಾಲಯದಾಗ ಅಕ್ಕಿ ಮಾದರಿ ಚೀಲಗಳಿಗೆ ನಂಬರ್ ಹಚ್ಚಿ, ಕಪಾಟಿನಾಗ ಇಟ್ಟು, ಕೇಳಿದಾಗ ತೆಗೆದುಕೊಡೋ ಕೆಲಸ ಖಾಲಿ ಅದ. ನಿಮ್ಮ ವಿದ್ಯೆಗೆ ಇದಕ್ಕಿಂತ ಒಪ್ಪುವಂಥದ್ದು ಯಾವದು? ಅಲ್ಲಿ ಕೆಲಸ ಮಾಡೋ ಪರ್ಮಿಟ್ ನಾವೇ ಮಾಡಿಸ್ತೀವಿ” ಎಂದಳು. ನೇಮಕಾತಿ ಪತ್ರ ಅರ್ಧ ಗಂಟೆಯಲ್ಲಿ ಬಂತು. ಆರು ತಿಂಗಳು ಪರೀಕ್ಷಾರ್ಥ. ವಿಭಾಗದ ಮುಖ್ಯಸ್ಥರ ವರದಿ ತೃಪ್ತಿಕರವಾಗಿದ್ದರೆ ಮುಂದುವರಿಕೆ. ವಿಭಾಗದ ಮುಖ್ಯಸ್ಥೆ ನನ್ನ ಪಕ್ಕದಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಳು.

ಅವಳು ಯಾದಿಯ ಹಾಳೆಯನ್ನು ತೆಗೆದು ಮುಂದೆ ಹಿಡಿದಳು. “ಹದಿನಾರನೇದು ನಿಮ್ಮ ಅಕ್ಷರ. ಯಂಕಪ್ಪ ಮಾವ ‘ಕೊಡತಕ್ಕದ್ದು’ ಅಂತ ಬರಿಯಂಗಿಲ್ಲ” ಎಂದಳು. ಸುಳ್ಳು ಹೇಳಲು ಹೊರಟೆ, ಆಗಲಿಲ್ಲ. “ಕಂಪನಿ ಒಲ್ಲೆ ಅನ್ಲಿ ಅಂತ ಬರದೆ. ಅಂಜಿಕಿ ಆತು. ಅಲ್ಲಿ ನಾ ಏನ್ ಮಾಡ್ಲಿ, ನಿನ್ನ ಹಿಂದ ಚೀಲ ಹಿಡಕೊಂಡು ಅಡ್ಡಾಡ್ಲೇನು ಅಂತ…” ಎಂದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. “ನನಗೂ ಅಂಜಿಕಿ ಅದ ರೀ. ಅದಕ್ಕ ನೀವು ಬರ್ರಿ ಅಂದೆ, ಚೀಲ ಹಿಡಿಯಾಕಲ್ಲ” ಎಂದಳು. ಇಷ್ಟು ಮಾತನ್ನು ಹೋದ ಮಂಗಳವಾರವೇ ರೊಟ್ಟಿ ತಿನ್ನುತ್ತ ಆಡಿ ಮುಗಿಸಬಹುದಿತ್ತು. ಅದರ ಬದಲು ಮೂರು ಊರಿನ ಹಿರಿಯರನ್ನು ಬಸ್ಸು ಹತ್ತಿಸಿದ್ದೆ.

ಆದರೂ ನನ್ನ ನೌಕರಿಯ ಷರತ್ತುಗಳನ್ನು ನಾನೂ ಒಮ್ಮೆ ಮಾತಾಡಬೇಡವೇ? ನನ್ನ ಕಡೆಯ ಹಿರಿಯನಾಗಿ ಬಂದು ಕೂರು ಎಂದು ಯಂಕಪ್ಪ ಮಾವನಿಗೆ ಫೋನು ಮಾಡಿದೆ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. “ಸಹಿ ಆದಮ್ಯಾಲ ಯಾದಿಗಿ ಅಕ್ಷರ ಸೇರ್ಸಿದವನ ಕಡಿ ನಾ ಕೂಡಂಗಿಲ್ಲ ಲೇ. ನಾ ಆ ಹುಡುಗಿ ಕಡಿ” ಎಂದು ಇಟ್ಟುಬಿಟ್ಟ. ಅವ್ವನೂ ಆ ಹುಡುಗಿಯ ಕಡೆ. ಚಾಂದಪಾಷಾ ಗೋಡೆಯಾಚೆಯಿಂದಲೇ, “ತಂಗಿ ಕಡಿ” ಎಂದ.

ನೇಮಕಾತಿ ಪತ್ರವನ್ನು ಒಬ್ಬನೇ ಕೂತು ಓದಿದೆ. ಈ ಸಲ ಹೆಬ್ಬೆಟ್ಟಿನ ಮಾವನವರನ್ನು ನೆನೆದು, ನೆಪ ಹುಡುಕದೆ ಓದಿದೆ. ಒಂಬತ್ತನೆಯ ಷರತ್ತು ಹೀಗಿತ್ತು: ‘ಮೇಲಧಿಕಾರಿಯ ವರ್ತನೆಯ ಬಗ್ಗೆ ದೂರು ಇದ್ದಲ್ಲಿ ನೌಕರನು ಅದನ್ನು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.’ ಮೇಲಧಿಕಾರಿ ಸುಜಾತಾ. ವಿಭಾಗದ ಮುಖ್ಯಸ್ಥೆಯೂ ಸುಜಾತಾ. ಗಂಟಲು ಸರಿಮಾಡಿಕೊಂಡು, “ಇದೊಂದು ಬದಲ್ ಮಾಡಾಕ ಬರ್ತದೇನು?” ಎಂದು ಕೇಳಿದೆ. ಅವಳು ಓದಿ ನೋಡಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು. “ಹನ್ನೆರಡು ವರ್ಷದಿಂದ ಮನ್ಯಾಗ ಹಿಂಗ ನಡದದಲ್ಲ, ಏನರ ತ್ರಾಸ ಆಗ್ಯದೇನು? ಆಗಿದ್ರ ಬರದು ಕೊಡ್ರಿ, ನಾ ನೋಡ್ತೀನಿ” ಎಂದಳು. ಬರೆದುಕೊಡಲು ಸಾಕಷ್ಟಿತ್ತು. ಪೆನ್ನೂ ಕೈಯಲ್ಲಿತ್ತು. ನಾನು ಸಹಿ ಹಾಕಿದೆ.